ಟ್ರೇಯಲ್ಲಿ ಮಾಡಿದ ಕಡಲ್ಕೊರೆತದ ಮಾದರಿಯಿಂದ ಲೆಕ್ಕ ಹಾಕಬಹುದೇ?

ವಿಜ್ಞಾನ ಶಿಕ್ಷಕಿ, ಬಾಗಲಕೋಟೆ:
ನಮ್ಮ ಪ್ರೌಢಶಾಲೆಯ ಮಕ್ಕಳಲ್ಲಿ ಬಹುತೇಕರು ಆಲಮಟ್ಟಿಯ ಹಿನ್ನೀರನ್ನು ಕಂಡವರು, ಕಡಲನ್ನು ಕಂಡವರಲ್ಲ. ಉಳ್ಳಾಲದ ಕಡಲ್ಕೊರೆತವನ್ನು ವಿವರಿಸಲು ತಗಡಿನ ಟ್ರೇಯಲ್ಲಿ ಮರಳಿನ ದಂಡೆ ಮಾಡಿ, ಹಲಗೆಯಿಂದ ಅಲೆ ಎಬ್ಬಿಸಿ ತೋರಿಸಿದೆ. ದಂಡೆ ಕೊರೆದುಹೋದದ್ದು ಎಲ್ಲರಿಗೂ ಕಂಡಿತು. ಆಗ ಒಬ್ಬ ವಿದ್ಯಾರ್ಥಿನಿ, ‘ಇಲ್ಲಿ ಇಷ್ಟು ಹೊತ್ತಿಗೆ ನಾಲ್ಕು ಬೆರಳು ಕೊರೆದರೆ ಅಲ್ಲಿ ಒಂದು ಮಳೆಗಾಲಕ್ಕೆ ಎಷ್ಟು?’ ಎಂದು ಕೇಳಿದಳು. ಅಂಥ ಲೆಕ್ಕ ಸಾಧ್ಯವೇ? ವಸ್ತುಪ್ರದರ್ಶನದಲ್ಲಿ ಇಡುವ ಮೊದಲು ಖಚಿತವಾಗಿ ತಿಳಿಯಬೇಕಾಗಿದೆ.

ದ್ರವಬಲವಿಜ್ಞಾನದ ಉಪನ್ಯಾಸಕ, ಬೆಳಗಾವಿ:
ಮೇಡಂ, ಅಲೆಯ ಮಟ್ಟಿಗೆ ಲೆಕ್ಕ ಸಾಧ್ಯ; ಕೊರೆತದ ಮಟ್ಟಿಗೆ ನಿಮ್ಮ ಟ್ರೇಯಿಂದ ಸಾಧ್ಯವಿಲ್ಲ. ಅಲೆಗಳಲ್ಲಿ ಗುರುತ್ವವೇ ಮುಖ್ಯ ಬಲವಾದ್ದರಿಂದ, ಫ್ರೌಡ್ ನಿಯಮದಂತೆ ಕಾಲವು ಉದ್ದದ ವರ್ಗಮೂಲದ ಪ್ರಮಾಣದಲ್ಲಿ ಕುಗ್ಗುತ್ತದೆ, ಅಂದರೆ ಉದ್ದವನ್ನು 25 ಪಟ್ಟು ಕುಗ್ಗಿಸಿದಾಗ ಕಾಲ 5 ಪಟ್ಟು ಕುಗ್ಗುತ್ತದೆ: 10 ಸೆಕೆಂಡಿಗೊಮ್ಮೆ ಬರುವ 2 ಮೀಟರ್ ಎತ್ತರದ ಅಲೆಯು ಮಾದರಿಯಲ್ಲಿ 2 ಸೆಕೆಂಡಿಗೊಮ್ಮೆ ಬರುವ 8 ಸೆಂಟಿಮೀಟರ್ ಅಲೆಯಾಗುತ್ತದೆ. ತೊಡಕಿರುವುದು ಮರಳಿನಲ್ಲಿ. 0.25 ಮಿಲಿಮೀಟರ್ ಗಾತ್ರದ ಕಣವನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ 0.01 ಮಿಲಿಮೀಟರಿನ ನುಣುಪು ಹೂಳಾಗಿ, ಮರಳಿನಂತೆ ಉರುಳದೆ ನೀರಿನಲ್ಲಿ ಕದಡಿ ತೇಲುತ್ತದೆ. ಕುಗ್ಗಿಸದೆ ಬಿಟ್ಟರೆ ಸಣ್ಣ ಅಲೆಗೆ ಅದು ಅತಿ ಭಾರ. ಹೀಗಾಗಿಯೇ ಪ್ರಯೋಗಾಲಯದವರು ಕಣವು ತಳಕ್ಕಿಳಿಯುವ ವೇಗವನ್ನು ಅಲೆಯ ಎತ್ತರ ಮತ್ತು ಅವಧಿಗೆ ಹೊಂದಿಸುತ್ತಾರೆ, ಕೆಲವೊಮ್ಮೆ ಮರಳಿನ ಬದಲು ಕಲ್ಲಿದ್ದಲಿನ ಪುಡಿಯಂಥ ಹಗುರ ವಸ್ತುವನ್ನು ಬಳಸುತ್ತಾರೆ. ಪುಣೆ ಬಳಿಯ ಖಡಕವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಬಂದರುಗಳ ಮಾದರಿಗಳನ್ನು ಅಷ್ಟು ದೊಡ್ಡದಾಗಿ ಕಟ್ಟುವುದಕ್ಕೂ ಇಂಥ ದೋಷಗಳನ್ನು ತಗ್ಗಿಸುವುದೇ ಒಂದು ಕಾರಣ. ನಿಮ್ಮ ಟ್ರೇಯಲ್ಲಿ ನೀರಿನ ಆಳ ಒಂದೆರಡು ಸೆಂಟಿಮೀಟರ್ ಮಾತ್ರ ಇದ್ದರೆ ಮೇಲ್ಮೈ ಎಳೆತವೂ ಅಲೆಯ ಸ್ವರೂಪವನ್ನು ಕೆಡಿಸುತ್ತದೆ.

ನಿವೃತ್ತ ಸಿವಿಲ್ ಎಂಜಿನಿಯರ್, ವಿಜಯಪುರ:
ಉಪನ್ಯಾಸಕರ ಮಾತನ್ನು ಒಪ್ಪುತ್ತೇನೆ. ಆದರೂ ಮೇಡಂ, ಪ್ರದರ್ಶನವನ್ನು ಕೈಬಿಡಬೇಡಿ. ಎಷ್ಟು ಎಂಬುದನ್ನು ಹೇಳದ ಮಾದರಿಯೂ ಎಲ್ಲಿ, ಯಾಕೆ ಎಂಬುದನ್ನು ಚೆನ್ನಾಗಿ ತೋರಿಸಬಲ್ಲದು. ಅಲೆಯನ್ನು ದಂಡೆಗೆ ನೇರವಾಗಿ ಬಡಿಸದೆ ಓರೆಯಾಗಿ ಬರುವಂತೆ ಮಾಡಿ, ದಂಡೆಯಿಂದ ನೀರಿನೊಳಕ್ಕೆ ಚಾಚಿದ ಸಣ್ಣ ಕಲ್ಲಿನ ಗೋಡೆಯೊಂದನ್ನು ಇಡಿ. ಅಲೆ ಬರುವ ಬದಿಯಲ್ಲಿ ಮರಳು ಕೂಡುತ್ತದೆ, ಆಚೆ ಬದಿಯಲ್ಲಿ ಕೊರೆತ ಹೆಚ್ಚುತ್ತದೆ. ಒಂದು ಊರಿನ ದಂಡೆಯನ್ನು ಕಾಯಲು ಕಟ್ಟಿದ ಗೋಡೆಯು ಪಕ್ಕದ ಊರಿಗೆ ಬರಬೇಕಾದ ಮರಳನ್ನು ಹೇಗೆ ತಡೆಯುತ್ತದೆ ಎಂಬುದು ಮಕ್ಕಳ ಕಣ್ಣಿಗೇ ಕಾಣಬೇಕು. ಟ್ರೇಯ ಅಂಚಿಗೆ ತೆಂಗಿನ ನಾರನ್ನು ಒತ್ತಿಟ್ಟರೆ ಅಲೆ ತಗಡಿಗೆ ಬಡಿದು ಹಿಂದಿರುಗುವುದು ಕಡಿಮೆಯಾಗುತ್ತದೆ. ನಮ್ಮ ಭಾಗದ ಎರೆಮಣ್ಣು ಸ್ವಲ್ಪವೂ ಬೆರೆಯದಂತೆ ನೋಡಿಕೊಳ್ಳಿ, ಅದರ ಜಿಗುಟಿನಿಂದ ದಂಡೆ ಗಟ್ಟಿಯಾಗಿ ನಿಂತುಬಿಡುತ್ತದೆ. ಚೆನ್ನಾಗಿ ತೊಳೆದ ಸಣ್ಣ ಮರಳೇ ಇರಲಿ.