ಉಂಡ ಮನೆಯ ಜಂತೆ ಎಣಿಸುವ ಕೆಲಸ: ‘ಗ್ರೇಸ್‌ಲ್ಯಾಂಡ್’ ನೋಡಿದವರಲ್ಲಿ ಒಂದು ಪ್ರಶ್ನೆ

ಇಳಕಲ್ ಹುಡುಗಿ, ವಿಜಯಪುರ

ಮೂರು ವಾರದಿಂದ ರಾತ್ರಿ ಊಟವಾದ ಮೇಲೆ ನಾವು ನಾಲ್ವರು ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತು ‘ಗ್ರೇಸ್‌ಲ್ಯಾಂಡ್’ ನೋಡುತ್ತಿದ್ದೇವೆ. ಅಮೆರಿಕದ ಧಾರಾವಾಹಿ, 2013ರಲ್ಲಿ ಶುರುವಾಗಿ 2015ರಲ್ಲಿ ಮುಗಿದದ್ದು. ನಿನ್ನೆ ಮೊದಲ ಸೀಸನ್‌ನ 12 ಕಂತುಗಳೂ ಮುಗಿದವು. ಉಳಿದ ಮೂವರು ಮಲಗಿದರು, ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ನೋಡದವರು ಮುಂದೆ ಓದಬೇಡಿ, ಕಥೆ ಹೇಳಿಯೇ ಕೇಳಬೇಕಾಗಿದೆ.

ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಒಂದು ಮನೆ. ಎಫ್‌ಬಿಐ, ಮಾದಕ ವಸ್ತು ತಡೆಯುವ ಡಿಇಎ, ಕಸ್ಟಮ್ಸ್ ಹೀಗೆ ಬೇರೆ ಬೇರೆ ಇಲಾಖೆಗಳ ಮಾರುವೇಷದ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಇರುತ್ತಾರೆ. ಹೊಸ್ತಿಲು ದಾಟಿದರೆ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಕಸುಬು. ಒಳಗೆ ಮಾತ್ರ ಪಾತ್ರೆ ಯಾರು ತೊಳೆಯಬೇಕು, ಕಸ ಯಾರು ಹೊಡೆಯಬೇಕು ಎಂದು ತೋರಿಸುವ ಪಾಳಿಯ ಚಕ್ರ. ಅದನ್ನು ಕಂಡಾಗ ನಾವು ನಾಲ್ವರೂ ಒಮ್ಮೆಲೇ ನಮ್ಮ ಗೋಡೆಯ ಕಡೆ ತಿರುಗಿದೆವು. ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ ಕೆಂಪು ಶಾಯಿಯಲ್ಲಿ ಬರೆದ ಪಾಳಿ ನಮ್ಮಲ್ಲೂ ಇದೆ: ನಲ್ಲಿ ಬಂದ ದಿನ ನೀರು ತುಂಬುವುದು, ಗಿರಣಿಗೆ ಜೋಳ ಒಯ್ಯುವುದು, ಒಲೆ ಒರೆಸುವುದು.

ಆ ಮನೆಗೆ ಮೈಕ್ ಎಂಬ ಹೊಸ ಹುಡುಗ ಬರುತ್ತಾನೆ, ತರಬೇತಿಯಲ್ಲಿ ಮೊದಲಿಗನಾಗಿ ಬಂದವನು. ಅವನಿಗೆ ಕೆಲಸ ಕಲಿಸುವವನು ಬ್ರಿಗ್ಸ್. ಹೇಗೆ ನಿಲ್ಲಬೇಕು, ಸುಳ್ಳನ್ನು ಹೇಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು, ಎಲ್ಲವನ್ನೂ ಬ್ರಿಗ್ಸ್ ಅವನಿಗೆ ಕೈಹಿಡಿದು ಕಲಿಸುತ್ತಾನೆ. ಮೊದಲ ಕಂತಿನ ಕೊನೆಗೇ ಗೊತ್ತಾಗುತ್ತದೆ, ಮೈಕನಿಗೆ ಮೇಲಿನವರು ಕೊಟ್ಟ ನಿಜವಾದ ಕೆಲಸ ಬ್ರಿಗ್ಸ್ ಮೇಲೆ ಕಣ್ಣಿಡುವುದು ಎಂದು. ಹಗಲು ಅವನಿಂದ ಕಲಿತು ರಾತ್ರಿ ಅವನ ವಿಷಯವನ್ನೇ ಮೇಲಕ್ಕೆ ಮುಟ್ಟಿಸುವುದು.

ನನ್ನ ಪ್ರಶ್ನೆ ಇದು: ಇದು ಕರ್ತವ್ಯವೇ, ಗುರುದ್ರೋಹವೇ? ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಜಂತೆ ಎಣಿಸುವುದಕ್ಕೇ ಸಂಬಳ.

ಸುಮ್ಮನೆ ಕೇಳುತ್ತಿಲ್ಲ. ನಾನು ಕೇಂದ್ರ ಸರ್ಕಾರದ ನೌಕರಿಗಳಿಗೆ ನಡೆಯುವ ಸಿಜಿಎಲ್ ಪರೀಕ್ಷೆಗೆ ಓದುತ್ತಿದ್ದೇನೆ. ಸಿಬಿಐ ಉಪನಿರೀಕ್ಷಕಿ ಆಗಬೇಕೆಂಬುದು ಪಿಯುಸಿಯಿಂದಲೂ ಇರುವ ಆಸೆ. ಆದರೆ ಪದವಿ ಓದುವಾಗ ಹಾಸ್ಟೆಲಿನ ಮೇಲ್ವಿಚಾರಕಿ ನನ್ನನ್ನು ಕರೆದು, ನಿನ್ನ ಕೋಣೆಯವಳು ಸಂಜೆ ಎಲ್ಲಿಗೆ ಹೋಗುತ್ತಾಳೆ ನೋಡಿ ಹೇಳು ಎಂದಿದ್ದರು. ಎರಡು ವಾರ ನೋಡಿ ಹೇಳಿದೆ. ಆಕೆ ಟೈಲರಿಂಗ್ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು, ಶುಲ್ಕ ಕಟ್ಟಲು. ನಿಯಮ ಮೀರಿದಳೆಂದು ಅವಳನ್ನು ಹಾಸ್ಟೆಲಿನಿಂದ ತೆಗೆದರು. ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು ನಾವು. ಟ್ರಂಕು ಹೊತ್ತು ಹೊರಡುವಾಗಲೂ ಅವಳು ನನಗೆ, ಕಿಟಕಿಯಲ್ಲಿ ನಿನ್ನ ಒಣಬಟ್ಟೆ ಇದೆ, ಮಳೆ ಬಂದೀತು ಎಂದಳು. ಹೇಳಿದ್ದು ನಾನೇ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಅದಕ್ಕೇ ಮೈಕನ ಮುಖ ನೋಡಲು ನನಗೆ ಆಗುತ್ತಿಲ್ಲ.

ಮುಧೋಳದ ಟೀಚರ್, ಬಾಗಲಕೋಟೆ ಜಿಲ್ಲೆ

ತಂಗೀ, ನಾನು ಮೂರೂ ಸೀಸನ್ ನೋಡಿದ್ದೇನೆ, ಒಟ್ಟು 38 ಕಂತು. ಗುರುದ್ರೋಹ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಂಬಿಕೆಯನ್ನು ಮೊದಲು ಮುರಿದವನು ಬ್ರಿಗ್ಸ್. ಅವನನ್ನು ಕಟ್ಟಿಹಾಕಿ ಹೆರಾಯಿನ್ ಚುಚ್ಚಿ ಚಟ ಹತ್ತಿಸಿದ ಪಾತಕಿಯ ಮೇಲೆ ಅವನಿಗಿದ್ದ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಕಂತು ನೋಡುವಾಗ ನಾನು ಅತ್ತಿದ್ದೇನೆ. ಆದರೆ ಆ ಸೇಡಿಗಾಗಿ ಅವನು ಅದೇ ಮನೆಯವರಿಗೆ ಎಷ್ಟು ಸುಳ್ಳು ಹೇಳಿದ ಲೆಕ್ಕ ಹಾಕು. ಗುರು ತಪ್ಪು ದಾರಿ ಹಿಡಿದಾಗ ಶಿಷ್ಯ ಕಣ್ಣು ಮುಚ್ಚಿಕೊಂಡರೆ ಅದು ಭಕ್ತಿಯಲ್ಲ, ಪಾಲುದಾರಿಕೆ.

ನಿನ್ನ ಹಾಸ್ಟೆಲಿನ ವಿಷಯ ಬೇರೆಯೇ. ಅಲ್ಲಿ ಅಪರಾಧವೇ ಇರಲಿಲ್ಲ. ಮೈಕ್ ಹುಡುಕುತ್ತಿದ್ದುದು ಕಾಣೆಯಾದ ಹೆರಾಯಿನ್, ನೀನು ಹುಡುಕಿಕೊಟ್ಟಿದ್ದು ಒಬ್ಬ ಬಡ ಹುಡುಗಿಯ ದುಡಿಮೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡ. ಎರಡನೆಯ ಸೀಸನ್‌ನ ಕೊನೆಯ ಕಂತನ್ನು ಒಬ್ಬಳೇ ಕುಳಿತು ನೋಡಬೇಡ, ಗೆಳತಿಯರ ಜೊತೆ ನೋಡು.

ಕರಿಕೋಟು, ಬೆಳಗಾವಿ

ನಾನು ವಕೀಲ, ಮಾದಕ ವಸ್ತು ಪ್ರಕರಣಗಳನ್ನು ನಡೆಸಿದ್ದೇನೆ. ಧಾರಾವಾಹಿಯಲ್ಲಿ ಅಧಿಕಾರಿ ತಿಂಗಳುಗಟ್ಟಲೆ ದಂಧೆಯವರ ನಡುವೆ ಬದುಕುತ್ತಾನೆ. ಅಮೆರಿಕದಲ್ಲಿ ಇದು ಬರೀ ಕಲ್ಪನೆಯಲ್ಲ. ಎಫ್‌ಬಿಐನ ಜೋ ಪಿಸ್ಟೋನ್ 1976ರಿಂದ 1981ರವರೆಗೆ ನ್ಯೂಯಾರ್ಕಿನ ಬೊನಾನೊ ಮಾಫಿಯಾ ಗುಂಪಿನೊಳಗೆ ಡಾನಿ ಬ್ರಾಸ್ಕೊ ಎಂಬ ಹೆಸರಿನಲ್ಲಿ ಇದ್ದರು. ಅವರ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರನ್ನು ನಂಬಿ ಹತ್ತಿರ ಬಿಟ್ಟುಕೊಂಡಿದ್ದ ಸನ್ನಿ ಬ್ಲ್ಯಾಕ್ ಎಂಬವನನ್ನು ಅವನ ಗುಂಪಿನವರೇ ಕೊಂದರು. ಸಿಕ್ಕಿದ ಹೆಣಕ್ಕೆ ಕೈಗಳಿರಲಿಲ್ಲ. ಪಿಸ್ಟೋನ್ ಕೈ ಕುಲುಕಿದ್ದಕ್ಕೆ ಕೊಟ್ಟ ಶಿಕ್ಷೆ ಅದು ಎನ್ನುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಕೆಲಸ ನಡೆಯುವುದು ಬಾತ್ಮೀದಾರರ ಮೇಲೆ. ಸರಕು ಹೊರಟಿದ್ದನ್ನು ತಿಳಿದೂ ಬಿಟ್ಟು, ಅದು ಯಾರ ಕೈಗೆ ಸೇರುತ್ತದೆ ಎಂದು ಹಿಂಬಾಲಿಸಲು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 50ಎ ಕಲಮಿನಲ್ಲಿ ಅವಕಾಶವಿದೆ. ಆದರೆ ಊಟದ ಪಂಕ್ತಿಯಲ್ಲಿ ಗೆದ್ದ ವಿಶ್ವಾಸ ನ್ಯಾಯಾಲಯದಲ್ಲಿ ಅಷ್ಟು ದೂರ ನಡೆಯುವುದಿಲ್ಲ. ಅದೇ ಕಾಯ್ದೆಯ 67ನೆಯ ಕಲಮಿನಡಿ ಅಧಿಕಾರಿ ಬರೆದುಕೊಂಡ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕೊನೆಗೆ ನಿಲ್ಲುವುದು ಪಂಚನಾಮೆ, ತೂಕ, ಅರಗಿನ ಮೊಹರು. ಈ ಕೆಲಸಕ್ಕೆ ಬರುವುದಾದರೆ ಅದನ್ನು ಈಗಲೇ ಕಲಿಯಿರಿ.

ನಿವೃತ್ತ ಖಾಕಿ, ಖಾನಾಪುರ

ಮಗಳೇ, ನಾನು ಆ ಧಾರಾವಾಹಿ ನೋಡಿಲ್ಲ. ನಿನ್ನ ಪ್ರಶ್ನೆಯನ್ನು ಮಾತ್ರ ಎರಡು ಸಲ ಓದಿದೆ. ಅಬಕಾರಿಯಲ್ಲಿ 31 ವರ್ಷ ದುಡಿದವನು. ನಮ್ಮ ಕಡೆ ಗೋವಾದ ಅಗ್ಗದ ಮದ್ಯ ಕಾಡಿನ ದಾರಿಯಲ್ಲಿ ಘಟ್ಟ ಹತ್ತಿ ಬರುತ್ತದೆ. ಕಣಕುಂಬಿ, ಚೋರ್ಲಾ ಕಡೆಯ ದಾರಿಗಳಲ್ಲಿ ಎಷ್ಟು ರಾತ್ರಿ ಮಳೆಯಲ್ಲಿ ನಿಂತಿದ್ದೇನೋ ಲೆಕ್ಕವಿಲ್ಲ.

ಒಮ್ಮೆ ಮಫ್ತಿಯಲ್ಲಿ ಒಂದು ಹಳ್ಳಿಗೆ ಹೋಗಬೇಕಾಯಿತು. ಗುಜರಿಯವನ ವೇಷ. ಖಾಲಿ ಬಾಟಲಿ ಎಲ್ಲಿ ಹೆಚ್ಚು ಬೀಳುತ್ತದೋ ತುಂಬಿದ್ದು ಅಲ್ಲೇ ಹತ್ತಿರದಲ್ಲಿರುತ್ತದೆ, ಅದಕ್ಕೇ ಆ ವೇಷ. ಸೈಕಲ್ಲು, ತಕ್ಕಡಿ, ನಾಲ್ಕು ಗೋಣಿಚೀಲ. ಒಂದೂವರೆ ತಿಂಗಳು ವಾರಕ್ಕೆ ಎರಡು ಸಲ ಹೋದೆ. ಸಂಶಯವಿದ್ದ ಮನೆಯಲ್ಲಿ ಒಬ್ಬ ಮುದುಕಿ, ಆ ದಂಧೆಯವನ ತಾಯಿ. ನನ್ನ ಹರಕು ಮರಾಠಿಗೆ ನಗುತ್ತಾ ಅಕ್ಕಿ ರೊಟ್ಟಿ, ಹುರುಳಿ ಸಾರು ಬಡಿಸುತ್ತಿದ್ದಳು. ಬಿಸಿಲಲ್ಲಿ ಬಂದವನೆಂದು ಮೊದಲು ನೀರು, ಆಮೇಲೆ ಬೆಲ್ಲ. ಒಂದು ದಿನ ನನ್ನ ಚೀಲ ಬಾಯಿಬಿಟ್ಟಿತ್ತು. ಅವಳು ದಬ್ಬಣಕ್ಕೆ ಹಸಿರು ನೈಲಾನ್ ದಾರ ಪೋಣಿಸಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟಳು. ಗೋಣಿಯ ಬಣ್ಣಕ್ಕೆ ಹಸಿರು ಎದ್ದು ಕಾಣುತ್ತಿತ್ತು.

ದಾಳಿಯ ದಿನ ಖಾಕಿಯಲ್ಲಿ ಹೋದೆ. ಹುಲ್ಲಿನ ಬಣವೆಯಲ್ಲಿ ಸರಕು ಸಿಕ್ಕಿತು. ಪಂಚರನ್ನು ಕರೆದು, ಎಣಿಸಿ, ಬರೆದು, ಬಾಟಲಿಗಳನ್ನು ಚೀಲಕ್ಕೆ ತುಂಬಿಸಿದೆವು. ಜೀಪಿನಿಂದ ನಮ್ಮ ಹುಡುಗರು ತಂದ ಚೀಲಗಳಲ್ಲಿ ಅದೂ ಇತ್ತು. ಮೊಹರು ಹಾಕಲು ಅರಗು ಕರಗಿಸುವಾಗ ಮುದುಕಿ ಬಂದು ಎದುರು ನಿಂತಳು. ನನ್ನ ಮುಖ ನೋಡಲಿಲ್ಲ. ಬಗ್ಗಿ ಆ ಹಸಿರು ಹೊಲಿಗೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಮಾಡಿದ್ದು ತಪ್ಪು ಎಂದು ಹೇಳುವುದಿಲ್ಲ. ಆ ಮದ್ಯ ಸುತ್ತಲಿನ ಹಾಡಿಗಳಲ್ಲಿ ಸಾಲಕ್ಕೆ ಹೋಗುತ್ತಿತ್ತು, ಸಾಲಕ್ಕೆ ಹೆಂಗಸರ ಬೆಂಡೋಲೆಗಳು ಹೋಗುತ್ತಿದ್ದವು. ನಿಲ್ಲಿಸಲೇಬೇಕಿತ್ತು. ಆದರೆ ಕರ್ತವ್ಯವೆಂದ ಮಾತ್ರಕ್ಕೆ ಉಂಡ ಋಣ ಹರಿಯುವುದಿಲ್ಲ ತಾಯಿ. ಎರಡೂ ಇರುತ್ತವೆ. ನಾನು ಮಾಡಿದ್ದು ಒಂದೇ: ವರದಿಯಲ್ಲಿ ಆ ಮುದುಕಿಯ ಹೆಸರು ಬರದಂತೆ ನೋಡಿಕೊಂಡೆ. ಅವಳಿಗೆ ಬಣವೆಯ ವಿಷಯ ಗೊತ್ತಿರಲಿಲ್ಲ, ಅದು ನನಗೆ ಖಚಿತವಿತ್ತು. ಕಂಡದ್ದನ್ನು ಬಿಡಬೇಡ, ಕಾಣದ್ದನ್ನು ಸೇರಿಸಬೇಡ. ನಿನ್ನ ಮೇಲ್ವಿಚಾರಕಿಗೆ ನೀನು ಎಲ್ಲಿಗೆ ಹೋಗುತ್ತಾಳೆ ಎಂದು ಮಾತ್ರ ಹೇಳಿದೆಯೋ, ಯಾಕೆ ಹೋಗುತ್ತಾಳೆ ಎಂದೂ ಹೇಳಿದೆಯೋ?

ಇಳಕಲ್ ಹುಡುಗಿ, ವಿಜಯಪುರ

ಟೀಚರ್, ವಕೀಲರೇ, ಕಾಕಾ, ಮೂವರಿಗೂ ನಮಸ್ಕಾರ. ಕೋಣೆಯವರಿಗೆಲ್ಲ ಓದಿ ಹೇಳಿದೆ. ಹಸಿರು ದಾರದ ಜಾಗಕ್ಕೆ ಬಂದಾಗ ಓದಲಾಗದೆ ಮೊಬೈಲನ್ನು ಪಕ್ಕದವಳಿಗೆ ಕೊಟ್ಟೆ.

ಕಾಕಾ, ಯಾಕೆ ಎಂದು ನಾನು ಹೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಶುಲ್ಕದ ರಸೀದಿಯನ್ನು ಅವಳ ದಿಂಬಿನ ಕೆಳಗೆ ನಾನೇ ಕಂಡಿದ್ದೆ. ಅವಳು ಈಗ ಗುಳೇದಗುಡ್ಡದಲ್ಲಿ ಇದ್ದಾಳಂತೆ, ಸ್ವಂತ ಹೊಲಿಗೆ ಅಂಗಡಿ. ಭಾನುವಾರ ಊರಿಗೆ ಹೋಗುವಾಗ ಅಲ್ಲಿ ಇಳಿಯುತ್ತೇನೆ. ಪರೀಕ್ಷೆಗೆ ಅರ್ಜಿಯನ್ನೂ ಹಾಕುತ್ತೇನೆ, ಅದನ್ನು ಬಿಡುವುದಿಲ್ಲ.

ಒಂದು ಮಾತು ಕೇಳಲೇ? ನೀವು ಆ ಮನೆಗೆ ಮತ್ತೆ ಹೋಗಿದ್ದಿರಾ?

ನಿವೃತ್ತ ಖಾಕಿ, ಖಾನಾಪುರ

ಇಲ್ಲ ಮಗಳೇ. ಆ ದಾರಿಯ ಬಸ್ಸು ಹತ್ತಿದರೆ ಇವತ್ತಿಗೂ ಬಲಗಡೆಯ ಸೀಟು ಹುಡುಕುತ್ತೇನೆ. ಮನೆ ಎಡಕ್ಕೆ ಬರುತ್ತದೆ. ನೀನು ಭಾನುವಾರ ಇಳಿ.