ಅಪ್‌ಡೇಟ್: ಫಾಲೋ ಮಾಡಿದವರಿಗೆ ಮಾತ್ರ ಅಂತ ಹಾಕಿದ್ದ ಬೀಗ ತೆಗೆದೆ

ಹೋದ ತಿಂಗಳು ಕೇಳಿದ್ದೆ, ನೆನಪಿರಬಹುದು. ಆನ್‌ಲೈನ್‌ನಲ್ಲಿ ಬರೆಯುವ ನನ್ನ ಧಾರಾವಾಹಿ ಕತೆಯ ಕೊನೆಯ ಮೂರು ಅಧ್ಯಾಯಗಳು ಫಾಲೋ ಮಾಡಿದವರಿಗೆ ಮಾತ್ರ ಕಾಣುವ ಹಾಗೆ ಇಟ್ಟಿದ್ದೆ. ಓದುಗರೊಬ್ಬರು ಇದು ನ್ಯಾಯ ಅಲ್ಲ ಅಂದರು. ತಪ್ಪು ಯಾರದು ಅಂತ ನಿಮ್ಮನ್ನು ಕೇಳಿದ್ದೆ.

ಆಗ ನನಗೆ ಬೇಜಾರಾಗಿತ್ತು. ನಿದ್ದೆಗೆಟ್ಟು ಬರೀತೀನಿ, ದುಡ್ಡು ಕೇಳಲ್ಲ, ಒಂದು ಬಟನ್ ಒತ್ತೋಕೆ ಏನು ಕಷ್ಟ ಅನ್ನಿಸಿತ್ತು.

ನಿಮ್ಮ ಉತ್ತರಗಳನ್ನು ಓದಿದ ಮೇಲೆ ಲೆಕ್ಕ ನೋಡಿದೆ. ಬೀಗ ಹಾಕಿದಾಗ ಫಾಲೋವರ್‌ಗಳು ಏರಿದ್ದು ನಿಜ. ಕತೆ ಮುಗಿದ ವಾರದಲ್ಲೇ ಇಳಿದೂ ಹೋಗಿದ್ದರು. ಹೊಸ ಕತೆಗೆ ಅವರಿಂದ ಒಂದು ಸಾಲು ಕಾಮೆಂಟೂ ಬರಲಿಲ್ಲ. ಆದರೆ ಆಕ್ಷೇಪ ಎತ್ತಿದ ಆ ಓದುಗರು? ಮೊದಲಿನಿಂದಲೂ ಪ್ರತಿ ಅಧ್ಯಾಯದ ಕೆಳಗೂ ಅವರ ಮಾತಿದೆ. ನಾಲ್ಕನೇ ಅಧ್ಯಾಯದಲ್ಲಿ ಅಜ್ಜಿಯ ಕನ್ನಡಕ ಒಡೆದಿದೆ, ಮುಂದಿನ ಪುಟದಲ್ಲೇ ಅಜ್ಜಿ ಪತ್ರ ಓದ್ತಾರಲ್ಲ ಅಂತ ತೋರಿಸಿಕೊಟ್ಟವರು ಅವರೇ. ಅಷ್ಟು ಗಮನ ಕೊಟ್ಟು ಓದಿದವರನ್ನು ನಾನು ಬಾಗಿಲಲ್ಲಿ ನಿಲ್ಲಿಸಿಬಿಟ್ಟಿದ್ದೆ.

ಷರತ್ತು ಇಡೋದೇ ತಪ್ಪು ಅಂತ ಈಗಲೂ ಅನ್ನಲ್ಲ. ಮೊದಲ ಅಧ್ಯಾಯದಲ್ಲೇ ಹೇಳಬೇಕಿತ್ತು, ಅಲ್ವಾ? ಅರ್ಧ ದಾರಿ ಕರೆದುಕೊಂಡು ಬಂದು ಆಮೇಲೆ ಕೇಳಿದ್ದು ನನ್ನ ತಪ್ಪು.

ಆ ಓದುಗರಿಗೆ ಮೆಸೇಜ್ ಮಾಡಿ ಕ್ಷಮೆ ಕೇಳಿದೆ. ಮೂರೂ ಅಧ್ಯಾಯಗಳನ್ನು ಎಲ್ಲರಿಗೂ ತೆರೆದೆ. 'ನೀವು ಫಾಲೋ ಮಾಡಿ, ನಾನೂ ಮಾಡ್ತೀನಿ' ಅನ್ನೋ ಒಪ್ಪಂದಗಳನ್ನೂ ಬಿಟ್ಟೆ. ಒಬ್ಬರ ಕತೆ ಓದದೇ ಅವರನ್ನು ಸುಮ್ನೆ ಫಾಲೋ ಮಾಡೋದು ಅವರಿಗೂ ಮೋಸವೇ. ನಿನ್ನೆ ರಾತ್ರಿ ಆ ಓದುಗರು ಕೊನೆಯ ಅಧ್ಯಾಯ ಓದಿ, ಅಜ್ಜಿಗೆ ಹೊಸ ಕನ್ನಡಕ ಯಾವಾಗ ಅಂತ ಕೇಳಿದ್ದಾರೆ.