ವಾರ್ಡ್ ಸಭೆಯ ಬೇಡಿಕೆಗಳನ್ನು ವರದಿಯಲ್ಲಿ ಹೇಗೆ ಬರೆಯೋದು?

ಕೆರೆಏರಿ:
ನಮ್ಮ ಪಂಚಾಯಿತಿಯಲ್ಲಿ ಜಿಪಿಡಿಪಿಗೆ (ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ) ವಾರ್ಡ್ ಸಭೆಗಳು ಮುಗಿದವು. ಬರೆದುಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಎರಡು ನೋಟ್‌ಬುಕ್ ತುಂಬಾ ಬೇಡಿಕೆಗಳಿವೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ, ನೀರು, ರಸ್ತೆ, ಚರಂಡಿ, ಬೀದಿದೀಪ ಅಂತ ವಿಂಗಡಿಸಿ ಪೈ ಚಾರ್ಟ್ ಮಾಡಿದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನೋಡಿ "ಚೆನ್ನಾಗಿದೆ, ಆದ್ರೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಅಂದರು. ಎರಡು ರಾತ್ರಿ ಕೂತು ಮಾಡಿದ್ದೆ, ಬೇಜಾರಾಯ್ತು. ಗ್ರಾಮ ಸಭೆಗೆ ಇನ್ನು ಹತ್ತೇ ದಿನ. ಮಾಡಿ ಗೊತ್ತಿರೋರು ಹೇಳಿ.

ಲೆಕ್ಕದಪುಸ್ತಕ:
ಪಿಡಿಒ ಕೇಳಿದ್ದು ಸರಿ ಇದೆ ಗುರು. ನಾನೂ ಹಿಂಗೇ ಮಾಡಿದ್ದೆ. ಆಮೇಲೆ ನೋಟ್‌ಬುಕ್ ತಿರುವಿ ನೋಡಿದರೆ, "ನೀರು" ಅಂತ ಒಂದೇ ಬಣ್ಣದಲ್ಲಿ ತೋರಿಸಿದ್ದರೊಳಗೆ ಮೂರು ಬೇರೆ ಬೇರೆ ಕಷ್ಟ ಇದ್ದವು: ಮೇಲಿನ ಕೇರಿಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ, ಶಾಲೆ ಹಿಂದಿನ ಬೀದಿಗೆ ನೀರು ಬಿಡೋದೇ ರಾತ್ರಿ 2 ಗಂಟೆಗೆ, ಇನ್ನೊಂದು ಕಡೆ ನೀರು ಧಾರಾಳ, ಆದರೆ ಫ್ಲೋರೈಡ್. ಮೊದಲನೆಯದಕ್ಕೆ ಪೈಪು, ದುಡ್ಡು ಬೇಕು. ಎರಡನೆಯದಕ್ಕೆ ನೀರುಗಂಟಿ ಹತ್ತಿರ ಒಂದು ಮಾತು ಆಡಿದರೆ ಸಾಕು, ಯೋಜನೆಗೆ ಸೇರಿಸೋದೇ ಬೇಡ. ಮೂರನೆಯದು ಪಂಚಾಯಿತಿ ಒಂದರಿಂದ ಆಗೋದಲ್ಲ. ಎಲ್ಲಿ, ಏನು, ಯಾರು ಮಾಡಬೇಕು, ಇಷ್ಟು ಬರೆಯಿರಿ. ಜನ ಆಡಿದ ಮಾತನ್ನ ಹಾಗೇ ಒಂದು ಸಾಲು ಇಡಿ. "ನೀರಿನ ಅಭಾವ" ಅಂತ ತಿದ್ದಬೇಡಿ.

ನಾಕನೇವಾರ್ಡ್:
ಶೇಕಡಾ ಹಾಕೋ ಮುಂಚೆ ಎಷ್ಟು ಜನ ಬಂದಿದ್ದರು ಅಂತ ಬರೀರಿ ಸರ್. ವಾರ್ಡ್ ಸಭೆಗೆ ಕೋರಂ, ಅಂದ್ರೆ ಕನಿಷ್ಠ ಇರಬೇಕಾದ ಹಾಜರಿ, ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. 20 ಜನರಲ್ಲಿ 10 ಜನ ಕೇಳಿದರೆ ಅದು ಊರಿನ ಅರ್ಧ ಅಲ್ಲ, ಅಲ್ವಾ? ನಮ್ಮಲ್ಲಿ ಸಭೆ ಇಟ್ಟಿದ್ದು ಬೆಳಗ್ಗೆ 11ಕ್ಕೆ. ಹೆಂಗಸರೆಲ್ಲ ನರೇಗಾ ಕೆಲಸದಲ್ಲಿ. ಬಂದವರು ದೇವಸ್ಥಾನದ ಮುಂದೆ ಕಾಂಕ್ರೀಟು ಕೇಳಿದರು. ಸಂಜೆ ನಾನು ಹಾಲಿನ ಡೈರಿ ಹತ್ತಿರ ಸುಮ್ನೆ ನಿಂತುಕೊಂಡೆ, ಕ್ಯಾನ್ ಹಿಡಿದು ಬಂದವರೆಲ್ಲ ಒಂದೇ ಮಾತು: ಅಂಗನವಾಡಿ ಸೋರುತ್ತೆ, ಮಳೆ ಬಂದರೆ ಮಕ್ಕಳನ್ನ ಗೋಡೆ ಬದಿಗೆ ಸರಿಸಿ ಕೂರಿಸ್ತಾರೆ. ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ಯಾವ ಕೇರಿಯಿಂದ ಒಬ್ಬರೂ ಬರಲಿಲ್ಲ ಅನ್ನೋದನ್ನೂ ಮೊದಲ ಪುಟದಲ್ಲೇ ಹಾಕಿ.

ಕೆರೆಏರಿ:
ಅಯ್ಯೋ, ಹಾಜರಿ ಪುಸ್ತಕ ಇದೆ, ನೋಡೇ ಇಲ್ಲ ನಾನು. ವರದಿ ಎಷ್ಟು ಪುಟ ಇರಲಿ?

ಲೆಕ್ಕದಪುಸ್ತಕ:
ವಾರ್ಡಿಗೆ ಒಂದು ಎ4, ದಪ್ಪ ಅಕ್ಷರ. ಡೈರಿ ಗೋಡೆಗೆ ಅಂಟಿಸಿ. ಪಕ್ಕದಲ್ಲೇ ಹೋದ ವರ್ಷದ ಬೇಡಿಕೆ ಹಾಕಿ: ಆಯ್ತಾ, ಇಲ್ವಾ, ಯಾಕಿಲ್ಲ. ಜನ ಮೊದಲು ಓದೋದೇ ಅದನ್ನ.

ಕೆರೆಏರಿ:
ಹೋದ ವರ್ಷದ ನಡಾವಳಿ ಕೇಳಿದೆ. ಹುಡುಕ್ತಾ ಇದ್ದಾರಂತೆ. ಅಷ್ಟರಲ್ಲಿ ಡೈರಿ ಹತ್ತಿರ ಹೋಗಿ ಬರ್ತೀನಿ.